ಅಂಧರ ಬಾಳಿಗೆ ಸ್ವರವಾದ ಪುಟ್ಟರಾಜ ಗವಾಯಿ

ವಚನಗಾಯಕ, ಹಾರ್ಮೋನಿಯಂ ವಾದಕ, ನಾಟಕಕಾರ ಪಂಡಿತ ಪುಟ್ಟರಾಜ ಗವಾಯಿಗಳು 1914ರ ಮಾರ್ಚ್ 3ರಂದು ಹಾನಗಲ್ ತಾಲ್ಲೂಕಿನಲ್ಲಿ ಜನಿಸಿದರು. ಬಾಲ್ಯದಲ್ಲೇ ದೃಷ್ಟಿ ಕಳೆದುಕೊಂಡರು. ಸೋದರಮಾವನ ಹಾರ್ಮೋನಿಯಂ ಮೇಲೆ ತಾನಾಗಿಯೇ ಸ್ವರ ಹುಡುಕುತ್ತಿದ್ದ ಬಾಲಕನನ್ನು ಮಾವ ಗಾನಯೋಗಿ ಪಂಚಾಕ್ಷರ ಗವಾಯಿಗಳಿಗೆ ಒಪ್ಪಿಸಿದರು. ಗುರುವೂ ಅಂಧರೇ. ಶಿಷ್ಯನಿಗೆ ಹಿಂದೂಸ್ತಾನಿ, ಕರ್ನಾಟಕ ಎರಡೂ ಪದ್ಧತಿಗಳು ಕರಗತವಾದವು. ಹಾರ್ಮೋನಿಯಂ ಜತೆಗೆ ತಬಲಾ, ಪಿಟೀಲು, ಸಾರಂಗಿಗಳೂ ಒಲಿದವು.

1944ರಲ್ಲಿ ಗುರುಗಳು ಲಿಂಗೈಕ್ಯರಾದಾಗ ಗದುಗಿನ ವೀರೇಶ್ವರ ಪುಣ್ಯಾಶ್ರಮದ ಹೊಣೆ ಅವರ ಹೆಗಲೇರಿತು. ಅಂಧ, ಅನಾಥ, ಬಡ ಮಕ್ಕಳಿಗೆ ಅಲ್ಲಿ ಅನ್ನ, ವಸತಿ, ಸಂಗೀತ ವಿದ್ಯೆ ಎಲ್ಲವೂ ಉಚಿತ. ನಿತ್ಯ ದಾಸೋಹಕ್ಕೆ ಹಣ ಹೊಂದಿಸುವುದೇ ಸವಾಲು. ಗವಾಯಿಗಳು ಆಶ್ರಮದ ನಾಟಕ ಕಂಪನಿಯನ್ನು ಊರೂರಿಗೆ ಕರೆದೊಯ್ದರು, ಸ್ವತಃ ನಾಟಕ ಬರೆದರು. ಟಿಕೆಟ್ ಹಣ ಆಶ್ರಮದ ಒಲೆಯನ್ನು ಉರಿಸಿತು. ಕನ್ನಡ, ಹಿಂದಿ, ಸಂಸ್ಕೃತಗಳಲ್ಲಿ ಕೃತಿ ರಚಿಸಿದ ಅವರಿಗೆ ಬ್ರೈಲ್ ಲಿಪಿ ಆಸರೆಯಾಗಿತ್ತು.

1998ರ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ, 2010ರ ಪದ್ಮಭೂಷಣ ಅವರಿಗೆ ಸಂದ ಗೌರವಗಳು. ಅದೇ ವರ್ಷ ಸೆಪ್ಟೆಂಬರ್ 17ರಂದು, 96ನೇ ವಯಸ್ಸಿನಲ್ಲಿ ಗದುಗಿನಲ್ಲಿ ಲಿಂಗೈಕ್ಯರಾದರು. ಅವರ ಬಳಿ 12 ವರ್ಷ ಕಲಿತ ಎಂ. ವೆಂಕಟೇಶಕುಮಾರ್ 2016ರಲ್ಲಿ ಪದ್ಮಶ್ರೀ ಪುರಸ್ಕೃತರಾದರು.