ಪಿಯುಸಿ ಅಂಕಪಟ್ಟಿಯ ಬೆಲೆ ಇಳಿದದ್ದು ಹೇಗೆ

1857ರಲ್ಲಿ ಕಲ್ಕತ್ತ, ಮುಂಬಯಿ, ಮದ್ರಾಸುಗಳಲ್ಲಿ ವಿಶ್ವವಿದ್ಯಾನಿಲಯಗಳು ಹುಟ್ಟಿದಾಗ ಪ್ರವೇಶ ಪರೀಕ್ಷೆಯನ್ನು ಅವೇ ನಡೆಸುತ್ತಿದ್ದವು. ಬೆಂಗಳೂರಿನ ಸೆಂಟ್ರಲ್ ಕಾಲೇಜು, ಮೈಸೂರಿನ ಮಹಾರಾಜ ಕಾಲೇಜುಗಳು 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾಗುವ ತನಕ ಮದ್ರಾಸಿನ ಅಧೀನದಲ್ಲಿದ್ದವು. ಧಾರವಾಡದ ಹುಡುಗ ಮುಂಬಯಿಯ ಮೆಟ್ರಿಕ್‌ಗೆ ಕಟ್ಟಬೇಕಿತ್ತು. ದೂರ, ಖರ್ಚು, ಇಂಗ್ಲಿಷ್ ಎಲ್ಲವೂ ಕಷ್ಟವೇ. ಆದರೆ ಪರೀಕ್ಷೆ ಮಾಡುವವರೂ ಸೇರಿಸಿಕೊಳ್ಳುವವರೂ ಒಬ್ಬರೇ ಆಗಿದ್ದರಿಂದ ಪಾಸಾದವನನ್ನು ಮತ್ತೊಮ್ಮೆ ಪರೀಕ್ಷಿಸುವ ಪ್ರಶ್ನೆ ಏಳುತ್ತಿರಲಿಲ್ಲ.

ಈ ನಂಟನ್ನು ಕಡಿದವರು ಸುಧಾರಕರೇ. ಇಂಟರ್‌ಮೀಡಿಯಟ್ ತರಗತಿಗಳನ್ನು ವಿಶ್ವವಿದ್ಯಾನಿಲಯದಿಂದ ಬೇರ್ಪಡಿಸಿ ಎಂದು 1917ರಲ್ಲಿ ನೇಮಕವಾದ ಸ್ಯಾಡ್ಲರ್ ಆಯೋಗ ಹೇಳಿತು. 1952-53ರ ಮುದಲಿಯಾರ್ ಆಯೋಗ ಇಂಟರ್‌ಮೀಡಿಯಟ್ಟನ್ನೇ ತೆಗೆಯಲು ಸೂಚಿಸಿತು. ನಮ್ಮಲ್ಲಿ ಒಂದು ವರ್ಷದ ಪಿಯುಸಿ ಬಂತು. ಕೊಠಾರಿ ಆಯೋಗದ 10+2+3 ಮಾದರಿಯ ಬೆನ್ನಿಗೆ, 1970ರ ದಶಕದ ಹೊತ್ತಿಗೆ, ಅದು ಎರಡು ವರ್ಷಕ್ಕೆ ಬೆಳೆದು ಪ್ರತ್ಯೇಕ ಇಲಾಖೆಯ ಪಾಲಾಯಿತು. ಹದಿನೇಳು-ಹದಿನೆಂಟರ ಮಕ್ಕಳಿಗೆ ಸ್ವತಂತ್ರವಾದ ಒಂದು ಶಿಕ್ಷಣ ಘಟ್ಟ ಬೇಕೆಂಬ ಆಶಯ ಒಳ್ಳೆಯದೇ. ಆದರೆ ಪರೀಕ್ಷೆ ಒಬ್ಬರದು, ಸೀಟು ಇನ್ನೊಬ್ಬರದು ಎಂದಾದಾಗ ನಡುವೆ ಮೂರನೆಯವರಿಗೆ ಜಾಗವಾಯಿತು. ವೃತ್ತಿಪರ ಕೋರ್ಸುಗಳ ಸಾಮಾನ್ಯ ಪ್ರವೇಶ ಪರೀಕ್ಷೆಯಾದ ಸಿಇಟಿ ಬಂದು ಕೂತದ್ದು ಆ ಜಾಗದಲ್ಲಿ ಎಂಬುದು ನನ್ನ ವಾದ.

ಸಿಇಟಿ ಬಂದದ್ದು ಕ್ಯಾಪಿಟೇಷನ್ ಹಾವಳಿ ತಡೆಯಲು, ಇದರಲ್ಲಿ ಇಲಾಖೆಯ ಮಾತೇಕೆ ಎಂದು ಕೇಳಬಹುದು. ಹೌದು, ವಂತಿಗೆ ನಿಷೇಧಿಸುವ ಕಾಯ್ದೆ 1984ರಲ್ಲೇ ಬಂದಿತ್ತು; ವಂತಿಗೆಯ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದ ಮೋಹಿನಿ ಜೈನ್ ಪ್ರಕರಣ ನಮ್ಮ ರಾಜ್ಯದ್ದೇ; ಖಾಸಗಿ ಕಾಲೇಜುಗಳ ಸೀಟುಗಳ ಬಗ್ಗೆ ಅದೇ ಕೋರ್ಟು ಕೊಟ್ಟ 1993ರ ಉನ್ನಿಕೃಷ್ಣನ್ ತೀರ್ಪಿನ ಮರುವರ್ಷ ಸಿಇಟಿ ಶುರುವಾಯಿತು. ದುಡ್ಡಿಲ್ಲದವರ ಮನೆಯ ಮಕ್ಕಳೂ ಅದರಿಂದ ಡಾಕ್ಟರು, ಎಂಜಿನಿಯರು ಆದರು. ಆ ಉಪಕಾರ ಸಣ್ಣದಲ್ಲ. ಆದರೆ ಅದು ಸೀಟು ಹಂಚುವ ಸಾಧನ, ಕಲಿಕೆ ಅಳೆಯುವ ಸಾಧನವಲ್ಲ. ಕೆಮಿಸ್ಟ್ರಿಯನ್ನೇ ನೋಡಿ. ಪಿಯು ಪರೀಕ್ಷೆಯಲ್ಲಿ ಹುಡುಗಿ ಸಮೀಕರಣ ಬರೆದು ವಿವರಿಸಬೇಕು, ಲ್ಯಾಬಿನಲ್ಲಿ ಬ್ಯುರೆಟ್ಟಿನ ತೊಟ್ಟು ಎಣಿಸಿ ಟೈಟ್ರೇಷನ್ ಮುಗಿಸಬೇಕು. ಸಿಇಟಿಯಲ್ಲಿ 80 ನಿಮಿಷಕ್ಕೆ 60 ಪ್ರಶ್ನೆ. ಓಎಂಆರ್ ಹಾಳೆಯಲ್ಲಿ ವೃತ್ತ ತುಂಬಿದರಾಯಿತು.

ಬೋರ್ಡಿನ ಅಂಕಗಳನ್ನು ನಂಬುವುದು ಹೇಗೆ ಎಂಬ ಆಕ್ಷೇಪ ಇದಕ್ಕಿಂತ ಗಟ್ಟಿ. 2016ರಲ್ಲಿ ದ್ವಿತೀಯ ಪಿಯು ಕೆಮಿಸ್ಟ್ರಿ ಪ್ರಶ್ನೆಪತ್ರಿಕೆ ಎರಡು ಸಲ ಸೋರಿತು. ಆದರೆ 2024ರಲ್ಲಿ ವೈದ್ಯಕೀಯ ಪ್ರವೇಶದ ನೀಟ್ ಪ್ರಶ್ನೆಪತ್ರಿಕೆಯೂ ಸೋರಿ ಸುಪ್ರೀಂ ಕೋರ್ಟಿನವರೆಗೆ ಹೋಯಿತಲ್ಲ! ಸೋರಿಕೆ ಕಾವಲಿನ ದೋಷ, ಪರೀಕ್ಷೆಯ ಸ್ವರೂಪದ್ದಲ್ಲ. ಸಿಇಟಿಯ ಎಂಜಿನಿಯರಿಂಗ್ ರ‍್ಯಾಂಕಿಗೆ ಸೇರುವ ಪಿಯು ಅಂಕಕ್ಕೆ ಇನ್ನೂ ತೂಕವಿದೆ ಎಂಬುದಕ್ಕೆ 2022 ಸಾಕ್ಷಿ. ಕೋವಿಡ್‌ನಿಂದ ಪರೀಕ್ಷೆಯಿಲ್ಲದೆ ಪಾಸಾಗಿದ್ದ 2021ರ ತಂಡದವರು ಮತ್ತೆ ಸಿಇಟಿ ಬರೆದಾಗ ಅವರ ಪಿಯು ಅಂಕಗಳನ್ನು ಬಿಟ್ಟು ರ‍್ಯಾಂಕ್ ಕೊಡಲಾಯಿತು. ಅವರು ಹೈಕೋರ್ಟ್ ಮೆಟ್ಟಿಲೇರಿದರು. ಕೊನೆಗೆ ಸ್ವಲ್ಪ ಅಂಕ ಕಳೆದು ಉಳಿದದ್ದನ್ನು ಸೇರಿಸುವ ಸೂತ್ರಕ್ಕೆ ನ್ಯಾಯಾಲಯ ಒಪ್ಪಿತು.

ಎಂಜಿನಿಯರಿಂಗ್ ರ‍್ಯಾಂಕಿನಲ್ಲಿ ಪಿಯು ಅಂಕಕ್ಕಿರುವ ಅರ್ಧ ಪಾಲನ್ನು ಸರ್ಕಾರ ಯಾವ ಕಾರಣಕ್ಕೂ ಬಿಟ್ಟುಕೊಡಬಾರದು. ವೈದ್ಯಕೀಯದಲ್ಲಿ ಅದು ಹೋಗಿಯಾಗಿದೆ: ನೀಟ್‌ಗೆ ಸಾಮಾನ್ಯ ವರ್ಗದವರು ವಿಜ್ಞಾನ ವಿಷಯಗಳಲ್ಲಿ ಶೇ. 50 ತೆಗೆದರೆ ಸಾಕು, 51 ಆದರೂ 99 ಆದರೂ ರ‍್ಯಾಂಕ್ ಬದಲಾಗುವುದಿಲ್ಲ.