ಅಕ್ಷಾಂಶ, ರೇಖಾಂಶಗಳಿಗೆ ಎಷ್ಟು ಬಿಟ್‌ಗಳು ಬೇಕು?

ಭೂಮಿಯ ಮೇಲಿನ ಯಾವುದೇ ಸ್ಥಳವನ್ನು ಅಕ್ಷಾಂಶ ಮತ್ತು ರೇಖಾಂಶ ಎಂಬ ಎರಡು ಸಂಖ್ಯೆಗಳಿಂದ ಗುರುತಿಸಬಹುದು. ಈ ಸಂಖ್ಯೆಗಳನ್ನು ಗಣಕದ ದತ್ತಸಂಚಯದಲ್ಲಿ ಯಾವ ರೂಪದಲ್ಲಿ ಇಡಬೇಕು? ಈ ಪ್ರಶ್ನೆಯ ಹಿಂದೆ ಒಂದು ಇತಿಹಾಸವಿದೆ.

ವೃತ್ತವನ್ನು 360 ಡಿಗ್ರಿಗಳಾಗಿ, ಡಿಗ್ರಿಯನ್ನು 60 ಮಿನಿಟುಗಳಾಗಿ, ಮಿನಿಟನ್ನು 60 ಸೆಕೆಂಡುಗಳಾಗಿ ಭಾಗಿಸುವ ಕ್ರಮದ ಬೇರು ಬ್ಯಾಬಿಲೋನಿಯದ ಗಣಿತದಲ್ಲಿದೆ. 1802ರಲ್ಲಿ ಮದರಾಸಿನ ಬಳಿ ಆಧಾರರೇಖೆಯನ್ನು ಅಳೆದ ವಿಲಿಯಂ ಲ್ಯಾಂಬ್ಟನ್ ಕೋನಗಳನ್ನು ಬರೆದಿಟ್ಟದ್ದೂ ಇದೇ ಕ್ರಮದಲ್ಲಿ. ಕಾಗದಕ್ಕೆ ಇದು ಸಾಕಿತ್ತು. ಗಣಕದಲ್ಲಿ ಇದನ್ನು ಬರಿಯ ಅಕ್ಷರಗಳಾಗಿ ಇಟ್ಟರೆ ದೂರವನ್ನು ನೇರವಾಗಿ ಲೆಕ್ಕ ಹಾಕಲಾಗದು. ದಶಮಾಂಶಕ್ಕೆ ಬದಲಿಸಿದರೆ 77 ಡಿಗ್ರಿ 35 ಮಿನಿಟು 40 ಸೆಕೆಂಡು 77.59444... ಎಂದು ಮುಗಿಯದೆ ಸಾಗುತ್ತದೆ. ಎಲ್ಲೋ ಒಂದು ಕಡೆ ಕತ್ತರಿಸಲೇಬೇಕು.

ಎಲ್ಲಿ ಕತ್ತರಿಸಬೇಕು? ವಿಲಿಯಂ ಕಹಾನ್ ಪ್ರಮುಖ ಪಾತ್ರ ವಹಿಸಿದ, 1985ರಲ್ಲಿ ಪ್ರಕಟವಾದ ಐಇಇಇ 754 ಮಾನಕವು ತೇಲುಬಿಂದು ಸಂಖ್ಯೆಗಳಿಗೆ ಎರಡು ಮುಖ್ಯ ಅಳತೆಗಳನ್ನು ಕೊಟ್ಟಿತು: 32 ಬಿಟ್ ಮತ್ತು 64 ಬಿಟ್. 32 ಬಿಟ್ ಸಂಖ್ಯೆಯಲ್ಲಿ ಅರ್ಥಪೂರ್ಣ ಬಿಟ್‌ಗಳು 24 ಮಾತ್ರ. ಬೆಂಗಳೂರಿನ ರೇಖಾಂಶ ಸುಮಾರು 77.59. ಇದರಲ್ಲಿ 77 ಎಂಬ ಪೂರ್ಣಾಂಕಕ್ಕೇ 7 ಬಿಟ್‌ಗಳು ಬೇಕು. ಭಿನ್ನರಾಶಿಗೆ ಉಳಿಯುವುದು 17. ಆದ್ದರಿಂದ ಪಕ್ಕಪಕ್ಕದ ಎರಡು ಸಂಖ್ಯೆಗಳ ಅಂತರ 1/131072 ಡಿಗ್ರಿ, ಅಂದರೆ ನೆಲದ ಮೇಲೆ ಸುಮಾರು 83 ಸೆಂಟಿಮೀಟರ್. ಅದೇ ಊರಿನ ಅಕ್ಷಾಂಶ 12.97ರಲ್ಲಿ ಪೂರ್ಣಾಂಕಕ್ಕೆ 4 ಬಿಟ್ ಸಾಕು; ಅಂತರ ಸುಮಾರು 10.5 ಸೆಂಟಿಮೀಟರ್. ಒಂದೇ ಸ್ಥಳದಲ್ಲಿ ಉತ್ತರ-ದಕ್ಷಿಣಕ್ಕೆ ಒಂದು ಸೂಕ್ಷ್ಮತೆ, ಪೂರ್ವ-ಪಶ್ಚಿಮಕ್ಕೆ ಇನ್ನೊಂದು!

2000ದ ಮೇ ತಿಂಗಳವರೆಗೆ ಅಮೆರಿಕವು ನಾಗರಿಕ ಬಳಕೆಯ ಜಿಪಿಎಸ್ ಸಂಕೇತವನ್ನು ಬೇಕೆಂದೇ ಕೆಡಿಸುತ್ತಿತ್ತು. ಆಗ ದೋಷವೇ ಸುಮಾರು 100 ಮೀಟರ್. ಅದರ ಮುಂದೆ 83 ಸೆಂಟಿಮೀಟರ್ ಲೆಕ್ಕಕ್ಕೇ ಇಲ್ಲ. ಆದರೆ 2020ರಲ್ಲಿ ಆರಂಭವಾದ ಸ್ವಾಮಿತ್ವ ಯೋಜನೆಯಲ್ಲಿ ಡ್ರೋನ್‌ಗಳ ನೆರವಿನಿಂದ ಹಳ್ಳಿಯ ಮನೆ-ನಿವೇಶನಗಳ ಗಡಿಯನ್ನೇ ಗುರುತಿಸಲಾಗುತ್ತದೆ. ಅಲ್ಲಿ 83 ಸೆಂಟಿಮೀಟರ್ ಎಂದರೆ ನೆರೆಯವರ ಗೋಡೆ ಈಚೆ ಬಂದಂತೆ.

ಪರಿಹಾರಗಳು ಮೂರು. 64 ಬಿಟ್ ತೇಲುಬಿಂದುವಿನಲ್ಲಿ ಅಂತರ ನ್ಯಾನೊಮೀಟರ್‌ಗಳಿಗೆ ಇಳಿಯುತ್ತದೆ. ಆರು ದಶಮಾಂಶ ಸ್ಥಾನಗಳ ಸ್ಥಿರಬಿಂದು ಸಂಖ್ಯೆ ಸುಮಾರು 11 ಸೆಂಟಿಮೀಟರ್ ಸೂಕ್ಷ್ಮತೆ ಕೊಡುತ್ತದೆ. ಮೂರನೆಯದು ಜಾಣ ಉಪಾಯ: ಡಿಗ್ರಿಯನ್ನು ಒಂದು ಕೋಟಿಯಿಂದ ಗುಣಿಸಿ ಪೂರ್ಣಾಂಕವಾಗಿ ಇಡುವುದು. 180 ಡಿಗ್ರಿಗೆ 180 ಕೋಟಿ. 32 ಬಿಟ್ ಪೂರ್ಣಾಂಕದ ಮಿತಿ ಸುಮಾರು 214 ಕೋಟಿ. ಅಷ್ಟೇ ಜಾಗದಲ್ಲಿ ಎಲ್ಲೆಡೆ 1.1 ಸೆಂಟಿಮೀಟರ್ ಅಥವಾ ಅದಕ್ಕಿಂತ ಉತ್ತಮ ಸೂಕ್ಷ್ಮತೆ! 2004ರಲ್ಲಿ ಆರಂಭವಾದ ಓಪನ್‌ಸ್ಟ್ರೀಟ್‌ಮ್ಯಾಪ್ ಅನುಸರಿಸಿದ್ದು ಈ ದಾರಿಯನ್ನೇ.

ಆದರೆ ಸಂಖ್ಯೆಯೊಂದೇ ಸ್ಥಳವಲ್ಲ. ಭಾರತದ ಹಳೆಯ ನಕ್ಷೆಗಳು ಎವರೆಸ್ಟ್ ದೀರ್ಘಗೋಲವನ್ನು ಆಧರಿಸಿವೆ; ಜಿಪಿಎಸ್ ಬಳಸುವುದು ಡಬ್ಲ್ಯೂಜಿಎಸ್ 84 ಆಧಾರವನ್ನು. ಅದೇ ಅಂಕಿಗಳು ಎರಡು ಆಧಾರಗಳಲ್ಲಿ ಬೆಂಗಳೂರಿನ ಆಸುಪಾಸಿನಲ್ಲಿ ನೂರು ಮೀಟರಿಗೂ ಹೆಚ್ಚು ದೂರದ ಬಿಂದುಗಳನ್ನು ತೋರಿಸಬಲ್ಲವು. 2001ರಲ್ಲಿ ಬಂದ ಪೋಸ್ಟ್‌ಜಿಐಎಸ್‌ನಂಥ ತಂತ್ರಾಂಶಗಳು ಬಿಂದುವಿನ ಜೊತೆಗೇ ಅದರ ಆಧಾರವ್ಯವಸ್ಥೆಯ ಸಂಕೇತಾಂಕವನ್ನೂ ಇಡುವುದು ಇದಕ್ಕಾಗಿಯೇ. ಏಕಮಾನವಿಲ್ಲದ ಅಳತೆಗೆ ಭೌತವಿಜ್ಞಾನದಲ್ಲಿ ಬೆಲೆಯಿಲ್ಲ. ಆಧಾರವಿಲ್ಲದ ಅಕ್ಷಾಂಶ, ರೇಖಾಂಶಗಳಿಗೂ ಅಷ್ಟೇ.