ಬೀಸ್ಟನ್ನಿನ ಶನಿವಾರ, ಚೇಪಲ್‌ಟೌನಿನ ಭಾನುವಾರ

ಫುಟ್‌ಬಾಲ್ ನೋಡುವ ನಮ್ಮವರಿಗೆ ಎಲ್ಲಂಡ್ ರೋಡ್ ಮೈದಾನದ ಹೆಸರು ಗೊತ್ತಿರುತ್ತದೆ. ಲೀಡ್ಸ್ ಯುನೈಟೆಡ್ ತಂಡದ ಆ ಮೈದಾನ ಇರುವುದು ಲೀಡ್ಸ್ ನಗರದ ದಕ್ಷಿಣಕ್ಕಿರುವ ಬೀಸ್ಟನ್ನಿನಲ್ಲಿ. ಕೆಂಪು ಇಟ್ಟಿಗೆಯ ಸಾಲುಮನೆಗಳ, ದುಡಿಯುವವರ ಬಡಾವಣೆ ಅದು. 1961ರಲ್ಲಿ ದಕ್ಷಿಣ ಆಫ್ರಿಕಾದಿಂದ ಆಲ್ಬರ್ಟ್ ಜೊಹಾನೆಸನ್ ಎಂಬ ಕಪ್ಪು ಆಟಗಾರರು ಅಲ್ಲಿಗೆ ಬಂದರು. ವರ್ಣಭೇದವೇ ಕಾನೂನಾಗಿದ್ದ ನಾಡಿನಲ್ಲಿ ಬೆಳೆದವರು. ಆಟ ಮುಗಿದ ಮೇಲೆ ಬಿಳಿಯ ಜೊತೆಗಾರರು ಇಳಿಯುವ ಸ್ನಾನದ ತೊಟ್ಟಿಗೆ ತಾವೂ ಇಳಿಯಬಹುದೆಂದು ಅವರಿಗೆ ನಂಬಿಕೆಯೇ ಬರಲಿಲ್ಲ. ಕೊನೆಗೆ ಜೊತೆಗಾರರೇ ಎತ್ತಿ ನೀರಿಗೆ ಹಾಕಿದರಂತೆ. 1965ರಲ್ಲಿ ಎಫ್.ಎ. ಕಪ್ ಫೈನಲ್ ಆಡಿದ ಮೊದಲ ಕಪ್ಪು ಆಫ್ರಿಕನ್ ಎನಿಸಿದ ಅವರಿಗೆ ಗ್ಯಾಲರಿಗಳಿಂದ ಬೈಗುಳವೂ ಸಾಕಷ್ಟು ಸಿಕ್ಕಿತು.

ಶನಿವಾರ ಆ ತೊಟ್ಟಿಯಲ್ಲಿ ಆದದ್ದು ಭಾನುವಾರ ಚರ್ಚಿನ ಬೆಂಚಿನಲ್ಲಿ ಆಯಿತೇ?

ಅದೇ ವರ್ಷಗಳಲ್ಲಿ ಅಮೆರಿಕದಲ್ಲಿ ಮಾರ್ಟಿನ್ ಲೂಥರ್ ಕಿಂಗ್, ಭಾನುವಾರ ಬೆಳಿಗ್ಗೆ ಹನ್ನೊಂದು ಗಂಟೆಯಷ್ಟು ಜನ ಬಣ್ಣದಿಂದ ಬೇರೆಯಾಗಿರುವ ಹೊತ್ತು ಇನ್ನೊಂದಿಲ್ಲ ಎಂದು ಮತ್ತೆ ಮತ್ತೆ ಹೇಳುತ್ತಿದ್ದರು. ಮಿಸ್ಸಿಸಿಪ್ಪಿಯ ಜಾಕ್ಸನ್ ನಗರದಲ್ಲಿ 1963-64ರಲ್ಲಿ, ಕಪ್ಪು ಬಿಳಿಯರು ಒಟ್ಟಾಗಿ ಆರಾಧನೆಗೆ ಹೋದರೆ ಚರ್ಚಿನ ಮೆಟ್ಟಿಲ ಮೇಲೇ ಪೊಲೀಸರು ಹಿಡಿಯುತ್ತಿದ್ದರು. ಇಂಗ್ಲೆಂಡಿನಲ್ಲಿ ಪೊಲೀಸರ ಅಗತ್ಯ ಬೀಳಲಿಲ್ಲ. 1948ರ ನಂತರ ಕೆರಿಬಿಯನ್ ದ್ವೀಪಗಳಿಂದ ದುಡಿಯಲು ಬಂದವರಲ್ಲಿ ಅನೇಕರು ಊರಿನ ಪಾದ್ರಿ ಬರೆದುಕೊಟ್ಟ ಪತ್ರ ಜೊತೆಗೆ ತಂದಿದ್ದರು, ನಾವು ಅಟೆಸ್ಟ್ ಮಾಡಿಸಿದ ಸರ್ಟಿಫಿಕೇಟನ್ನು ಪ್ಲಾಸ್ಟಿಕ್ ಕವರಿನಲ್ಲಿ ತಂದ ಹಾಗೆ. ಪತ್ರ ಓದಿ ಸ್ವಾಗತಿಸಿದವರೂ ಇದ್ದರು. ಆದರೆ ಆರಾಧನೆ ಮುಗಿದ ಮೇಲೆ ಬಾಗಿಲಲ್ಲಿ ಕೈಕುಲುಕಿ, ನಮ್ಮ ಜನಕ್ಕೆ ಕಸಿವಿಸಿಯಾಗುತ್ತದೆ, ಇನ್ನು ಬರಬೇಡಿ ಎಂದು ನಯವಾಗಿ ಹೇಳಿದ ಪಾದ್ರಿಗಳ ನೆನಪನ್ನು ಆ ಪೀಳಿಗೆಯ ಎಷ್ಟೋ ಜನ ಹೇಳಿದ್ದಾರೆ. ಬೈಗುಳಕ್ಕಾದರೆ ತಿರುಗಿ ಬೈಯಬಹುದು. ಕೈಕುಲುಕಿ ಕಳಿಸಿದವರಿಗೆ ಏನು ಹೇಳುವುದು?

ಲೀಡ್ಸ್‌ನ ಮಟ್ಟಿಗೆ ಇದು ಇನ್ನಷ್ಟು ಚುಚ್ಚುವ ಮಾತು. ಮೆಥೋಡಿಸ್ಟರ ಮೊದಲ ಮಿಷನರಿ ಸಂಘ ಹುಟ್ಟಿದ್ದೇ ಈ ಊರಲ್ಲಿ, 1813ರ ಅಕ್ಟೋಬರ್ 6ರಂದು. ಕೆರಿಬಿಯನ್ ದ್ವೀಪಗಳಲ್ಲಿ ಮೆಥೋಡಿಸ್ಟರು ಅದಕ್ಕೂ ಮೊದಲೇ ನೆಲೆಯೂರಿದ್ದರು. ಮುಂದೆ ಅದೇ ಪಂಗಡದ ವೆಸ್ಲಿಯನ್ ಮಿಷನ್ ಮೈಸೂರು ಸೀಮೆಗೂ ಬಂದು ಕನ್ನಡ ಕಲಿತು ಶಾಲೆ, ಅಚ್ಚುಕೂಟ ನಡೆಸಿತು; ಬೆಂಗಳೂರಿನ ಹಡ್ಸನ್ ಚರ್ಚಿಗೆ ಆ ಮಿಷನ್ನಿನ ಪಾದ್ರಿಯ ಹೆಸರೇ ಇದೆ. ದೇವರ ಮುಂದೆ ಎಲ್ಲರೂ ಒಂದೇ ಎಂದು ಕಡಲಾಚೆ ಕಲಿಸಿದ್ದಾಯಿತು. ಕಲಿತವರ ಮಕ್ಕಳು ಕಲಿಸಿದವರ ಊರಿಗೇ ಬಂದಾಗ ಪರೀಕ್ಷೆ ಗುರುಗಳಿಗಾಯಿತು.

ಎಲ್ಲರೂ ಅದರಲ್ಲಿ ಫೇಲಾಗಲಿಲ್ಲ. ಸೇಂಟ್ ಕಿಟ್ಸ್, ನೆವಿಸ್ ದ್ವೀಪಗಳವರು ಲೀಡ್ಸ್‌ನಲ್ಲಿ ಹೆಚ್ಚಾಗಿ ನೆಲೆಸಿದ್ದು ಬೀಸ್ಟನ್ನಿನಿಂದ ಊರಿನ ಆಚೆ ತುದಿಗಿರುವ ಚೇಪಲ್‌ಟೌನಿನಲ್ಲಿ. ಅಲ್ಲಿನ ರಾಸ್ಕೋ ಮೆಥೋಡಿಸ್ಟ್ ಚರ್ಚು ಅವರನ್ನು ಒಳಗೆ ಕರೆಯಿತು. 1970ರ ದಶಕದಲ್ಲಿ ರಸ್ತೆಗಾಗಿ ಹಳೆಯ ಕಟ್ಟಡ ಹೋದರೂ ಸಭೆ ಚದುರಲಿಲ್ಲ. ಹತ್ತಿರದಲ್ಲೇ ಹೊಸ ಕಟ್ಟಡಕ್ಕೆ ಹೋಯಿತು, ಕೆರಿಬಿಯನ್ನರ ಸ್ವಂತ ಚರ್ಚೆಂಬಂತೆ ಬೆಳೆಯಿತು.

ಇನ್ನು ಕೆಲವರು ಯಾರ ಬಾಗಿಲನ್ನೂ ಕಾಯಲಿಲ್ಲ. 1953ರಲ್ಲಿ ವುಲ್ವರ್‌ಹ್ಯಾಂಪ್ಟನ್ನಿನ ವೈ.ಎಂ.ಸಿ.ಎ.ಯಲ್ಲಿ ಜಮೈಕಾದ ಆಲಿವರ್ ಲೈಸೈಟ್ ಮತ್ತು ಜೊತೆಗಾರರು ಆರಂಭಿಸಿದ ಪ್ರಾರ್ಥನೆಯೇ ಮುಂದೆ ನ್ಯೂ ಟೆಸ್ಟಮೆಂಟ್ ಚರ್ಚ್ ಆಫ್ ಗಾಡ್ ಆಗಿ ದೇಶವೆಲ್ಲ ಹಬ್ಬಿತು. ಇದನ್ನು ಬರೀ ತಿರಸ್ಕಾರದ ಫಲ ಎನ್ನುವುದು ನಮಗೆ ಒಪ್ಪಿಗೆಯಿಲ್ಲ. ತಮ್ಮದೇ ರಾಗದಲ್ಲಿ, ಚಪ್ಪಾಳೆ ತಟ್ಟಿ ಹಾಡುವ ಆಸೆಯೂ ಅದರಲ್ಲಿತ್ತು. ಗಲ್ಫಿನ ಒಂದೇ ಚರ್ಚಿನ ಆವರಣದಲ್ಲಿ ಒಂದೊಂದು ಭಾಷೆಗೆ ಒಂದೊಂದು ಹೊತ್ತು ಹಂಚಿಕೊಂಡವರಿಗೆ ಈ ಆಸೆ ಅರ್ಥವಾಗುತ್ತದೆ. ಬೇರೆ ಕೂರುವುದಕ್ಕೂ ಬೇರೆ ಕೂರಿಸುವುದಕ್ಕೂ ಇರುವ ಅಂತರವೂ ಅರ್ಥವಾಗುತ್ತದೆ. ಊರಿನಲ್ಲಿ ಜಾತಿ ನೋಡಿ ಪಂಕ್ತಿ ಹಾಕುವುದನ್ನು ಕಂಡವರು ನಾವು.

ಚರ್ಚ್ ಆಫ್ ಇಂಗ್ಲೆಂಡಿನಲ್ಲಿ ಮೊದಲ ಕಪ್ಪು ಬಿಷಪ್ ಆಗಿ ವಿಲ್ಫ್ರೆಡ್ ವುಡ್ ನೇಮಕಗೊಂಡದ್ದು 1985ರಲ್ಲಿ. ಕೆರಿಬಿಯನ್ನಿನಿಂದ ಬಂದವರೊಡನೆ ನಡೆದುಕೊಂಡ ರೀತಿಗೆ ಆ ಚರ್ಚಿನ ಮಹಾಸಭೆ ಕ್ಷಮೆ ಕೇಳಿದ್ದು 2020ರ ಫೆಬ್ರವರಿಯಲ್ಲಿ. ಪತ್ರ ಹಿಡಿದು ಬಾಗಿಲಿಗೆ ಬಂದಿದ್ದವರಲ್ಲಿ ಬಹಳ ಜನ ಆಗ ಬದುಕಿರಲಿಲ್ಲ.